ಹಿಂದಕ್ಕೆ ಬಾರದ ಟ್ರೇಗಳು

ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವ ಡಾಕ್ಟರರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಆ ಡಾಕ್ಟರರ ಕೈಗೆ ಬರುವ ಕತ್ತರಿಯನ್ನು ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಬಟ್ಟೆಯಲ್ಲಿ ಸುತ್ತಿ, ಉಗಿಯಲ್ಲಿ ಬೇಯಿಸಿ ಮೇಲಕ್ಕೆ ಕಳಿಸುವವರ ಹೆಸರು ಅವರವರ ಮನೆಯವರಿಗಷ್ಟೇ ಗೊತ್ತು. ನೆಲಮಾಳಿಗೆಯ ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳೊಬ್ಬಳನ್ನು ಎಲ್ಲರೂ ಉಗಿಯಕ್ಕ ಎಂದು ಕರೆಯುತ್ತಿದ್ದರು. ಉಗಿ ಯಂತ್ರದ ಪಕ್ಕ ಕೂರುವುದಕ್ಕೆ ಆ ಹೆಸರು ಬಂತೋ, ತಪ್ಪು ಮಾಡಿದವರಿಗೆ ಮುಖದ ಮೇಲೇ ಉಗಿಯುತ್ತಿದ್ದುದಕ್ಕೆ ಬಂತೋ, ಇಟ್ಟವರು ಹೇಳಲಿಲ್ಲ, ಅವಳೂ ಕೇಳಲು ಹೋಗಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇತ್ತು ಎನ್ನುವುದಂತೂ ನಿಜ.

ಅವಳಿಗೆ ಇದ್ದ ಹೆಮ್ಮೆ ಒಂದೇ. ಉಪಕರಣ ಜೋಡಿಸಿ ಅವಳು ಕಟ್ಟಿದ ಟ್ರೇ ಯಾವತ್ತೂ ಹಿಂದಕ್ಕೆ ಬಂದಿರಲಿಲ್ಲ. ಅಲ್ಲಿಯ ಪದ್ಧತಿ ಏನೆಂದರೆ, ಪ್ರತಿ ಟ್ರೇಯೊಳಗೆ ಅದನ್ನು ಕಟ್ಟಿದವರ ಹೆಸರಿನ ಚೀಟಿ ಇಡಬೇಕು. ಮೇಲೆ ಆಪರೇಷನ್ ಥಿಯೇಟರಿನಲ್ಲಿ ನರ್ಸು ಅದನ್ನು ಬಿಚ್ಚಿದಾಗ ಯಾವುದಾದರೂ ಇಕ್ಕಳದ ಸಂದಿಯಲ್ಲಿ ಕಲೆ ಕಂಡರೆ, ಎಣಿಕೆಯಲ್ಲಿ ಒಂದು ಕಡಿಮೆಯಾದರೆ, ಇಡೀ ಟ್ರೇ ಕೆಂಪು ಚೀಟಿ ಅಂಟಿಸಿಕೊಂಡು ಕೆಳಗಿಳಿಯುತ್ತಿತ್ತು. ಆ ಕೆಂಪು ಚೀಟಿ ಒಂದು ತಿಂಗಳು ಗೋಡೆಯ ಹಲಗೆಯ ಮೇಲೆ, ಹೆಸರು ಸಮೇತ, ಎಲ್ಲರ ಕಣ್ಣಿಗೆ ಬೀಳುವಂತೆ ನೇತಾಡುತ್ತಿತ್ತು. ಕೋಣೆಯಲ್ಲಿ ಆ ಹಲಗೆ ಹತ್ತದವಳು ಉಗಿಯಕ್ಕ ಒಬ್ಬಳೇ. ಹೊಸದಾಗಿ ಬಂದವರಿಗೆ ಮೊದಲ ದಿನವೇ ಅವಳು ಅದನ್ನು ಹೇಳುತ್ತಿದ್ದಳು, ಎರಡನೆಯ ದಿನ ಮರೆತಿದ್ದರೆ ಇನ್ನೊಮ್ಮೆ ಹೇಳುತ್ತಿದ್ದಳು.

ಪಕ್ಕದ ಮೇಜಿನವಳು ಅವಳ ನಾದಿನಿ, ಗಂಡನ ಒಬ್ಬಳೇ ತಂಗಿ. ಹನ್ನೊಂದು ವರ್ಷದ ಹಿಂದೆ ತನ್ನ ಗಂಡ ತೀರಿಕೊಂಡು, ಪುಟ್ಟ ಮಗಳ ಕೈ ಹಿಡಿದುಕೊಂಡು ಅಣ್ಣನ ಮನೆಯ ಕೆಳಗಿನ ಕೋಣೆಗೆ ಬಂದು ಸೇರಿದಾಗ, ಉಗಿಯಕ್ಕನೇ ಅವಳನ್ನು ಮೇಲ್ವಿಚಾರಕರ ಮುಂದೆ ನಿಲ್ಲಿಸಿದ್ದಳು. ತಾನು ಕಲಿಸುತ್ತೇನೆ, ತಪ್ಪಾದರೆ ತನ್ನನ್ನು ಕೇಳಿ ಎಂದು ಜವಾಬ್ದಾರಿ ಹೊತ್ತು ಕೆಲಸ ಕೊಡಿಸಿದ್ದಳು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎನ್ನುತ್ತಾರೆ. ಈ ಎರಡು ಜಡೆ ಮನೆಯಲ್ಲೂ ಕೆಲಸದಲ್ಲೂ ಒಂದೇ ಬಸ್ಸಿನಲ್ಲೂ ಹನ್ನೊಂದು ವರ್ಷ ಸೇರಿಕೊಂಡೇ ಇದ್ದವು. ಒಂದೇ ಕೊರಗು, ಕಳೆದ ಒಂದೂವರೆ ವರ್ಷದಿಂದ ನಾದಿನಿಯ ಕೈ ತುಂಬ ನಿಧಾನವಾಗಿತ್ತು. ಬೇರೆಯವರು ಹತ್ತು ಟ್ರೇ ಕಟ್ಟುವಷ್ಟರಲ್ಲಿ ಅವಳದು ಆರು. ಎರಡು ಸಲ ಮೆಮೊ ಬಂದಿತ್ತು. ಉಗಿಯಕ್ಕ ಅವಳಿಗೆ ಆಮೆ ಎಂದು ಹೆಸರಿಟ್ಟಿದ್ದಳು. ಬಸ್ಸಿನಲ್ಲಿ ಪಕ್ಕ ಕೂತು, ನಾನು ತಂದು ಸೇರಿಸಿದವಳು ನೀನು, ನನ್ನ ಮಾನ ಕಳೀಬೇಡ ಕಣೆ ಎಂದು ಬೈದದ್ದೂ ಉಂಟು. ನಾದಿನಿ ಕಿಟಕಿಯಾಚೆ ನೋಡುತ್ತ ಹೂಂ ಅನ್ನುತ್ತಿದ್ದಳು.

ಹೀಗಿರುವಾಗ ಆಸ್ಪತ್ರೆಯವರು ಆ ಕೋಣೆಯ ಕೆಲಸವನ್ನು ಹೊರಗಿನ ಒಂದು ಕಂಪನಿಗೆ ವಹಿಸಿಬಿಟ್ಟರು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಬಂದ ಕಂಪನಿ ಮೊದಲು ಒಗೆದದ್ದು ಜನರನ್ನು. ಯಂತ್ರ ನಡೆಸುವ ಇಬ್ಬರು ಗಂಡಸರ ಬಳಿ ಸರ್ಟಿಫಿಕೇಟು ಇತ್ತು, ಅವರು ಉಳಿದರು. ಟ್ರೇ ಕಟ್ಟುವ ಐವರಲ್ಲಿ ಒಬ್ಬರು ಸಾಕು, ಉಳಿದದ್ದನ್ನು ಹೊಸ ಯಂತ್ರ ಮಾಡುತ್ತದೆ ಎಂದರು. ಆ ಒಬ್ಬರು ಯಾರೆಂದು ಗೊತ್ತುಮಾಡುವುದಕ್ಕೆ ನಾಲ್ಕು ಸುತ್ತಿನ ಸಂದರ್ಶನ. ಇಪ್ಪತ್ತೆರಡು ವರ್ಷ ಮಾಡಿದ ಕೆಲಸಕ್ಕೆ ಉಗಿಯಕ್ಕ ಹೊಸದಾಗಿ ಅರ್ಜಿ ಬರೆದಳು. ಅರ್ಜಿಯಲ್ಲಿ ಅನುಭವ ಎಂಬ ಜಾಗ ಒಂದೇ ಸಾಲಿನದಾಗಿತ್ತು.

ಅವಳಿಗೆ ಆ ಕೆಲಸ ಎಷ್ಟು ಬೇಕಿತ್ತು ಎನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಗಂಡ ಬಸ್ ಡ್ರೈವರ್, ಸಂಬಳ ಬರುತ್ತಿತ್ತು. ಮಗಳ ಮದುವೆಯಾಗಿತ್ತು. ಮನೆಯಲ್ಲಿ ಒಲೆ ಆರುವ ಭಯವಿರಲಿಲ್ಲ. ಆದರೆ ಬೆಳಿಗ್ಗೆ ಎದ್ದು ಆ ನೆಲಮಾಳಿಗೆಗೆ ಇಳಿಯದಿದ್ದರೆ ತಾನು ಯಾರು ಎಂದು ಕೇಳಿಕೊಂಡಾಗ ಅವಳಿಗೆ ಉತ್ತರ ಸಿಗುತ್ತಿರಲಿಲ್ಲ. ಯಾರದೋ ಹೊಟ್ಟೆ ಕೊಯ್ದು ಹೊಲಿದು, ಅವರು ಎಂಟು ದಿನಕ್ಕೆ ನಡೆದುಕೊಂಡು ಮನೆಗೆ ಹೋದರೆ ಅದರಲ್ಲಿ ತನ್ನದೂ ಒಂದು ಪಾಲಿದೆ ಎಂದು ನಂಬಿ ಬದುಕಿದವಳು ಅವಳು.

ಮೊದಲ ಸುತ್ತು ಕಂಪ್ಯೂಟರಿನಲ್ಲಿ. ಅಕ್ಷರ ದಪ್ಪಗಿದ್ದವು, ಪುಣ್ಯ. ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ ಎಂಬ ಪ್ರಶ್ನೆಗೆ ಅವಳು ನೆಲಮಾಳಿಗೆಯಲ್ಲಿ ಎಂದು ಬರೆದಳು. ಅದಕ್ಕೂ ಅಂಕ ಕೊಟ್ಟರೋ ಏನೋ, ಪಾಸಾದಳು. ಐವರು ನಾಲ್ವರಾದರು. ಎರಡನೆಯ ಸುತ್ತಿನಲ್ಲಿ ನಾಲ್ವರನ್ನೂ ಒಂದು ಮೇಜಿನ ಸುತ್ತ ಕೂರಿಸಿ, ಹಳೆಯ ಪೇಪರು ಕೊಟ್ಟು, ಎಲ್ಲರೂ ಸೇರಿ ಗೋಪುರ ಕಟ್ಟಿ ಎಂದರು. ಕುತ್ತಿಗೆಗೆ ಟೈ ಬಿಗಿದ ಅಧಿಕಾರಿಯೊಬ್ಬ ಮೂಲೆಯಲ್ಲಿ ನಿಂತು ಯಾರು ಹೇಗೆ ಮಾತಾಡುತ್ತಾರೆಂದು ಬರೆದುಕೊಳ್ಳುತ್ತಿದ್ದ. ಕತ್ತರಿ ಇಕ್ಕಳ ಒರೆಸುವವರಿಗೆ ಕಾಗದದ ಗೋಪುರ ಏಕೆಂದು ಉಗಿಯಕ್ಕನಿಗೆ ಕೇಳಬೇಕೆನಿಸಿತು. ಈ ವಯಸ್ಸಿನಲ್ಲಿ ಬಾಯಿ ಬಿಟ್ಟು ಕೆಡಿಸಿಕೊಳ್ಳುವುದು ಬೇಡವೆಂದು ಸುಮ್ಮನೆ ಪೇಪರು ಸುರುಳಿ ಸುತ್ತಿದಳು. ಗೋಪುರ ಬಿದ್ದಾಗ ಸಿಟ್ಟಾದವಳೊಬ್ಬಳು ಮನೆಗೆ ಹೋದಳು. ಮೂವರು ಉಳಿದರು, ಅವರಲ್ಲಿ ನಾದಿನಿಯೂ ಒಬ್ಬಳು.

ಮೂರನೆಯದು ಕೈಕೆಲಸದ ಪರೀಕ್ಷೆ. ಇಲ್ಲಿ ತನ್ನನ್ನು ಸೋಲಿಸುವವರು ಹುಟ್ಟಿಲ್ಲ ಎಂದುಕೊಂಡು ಉಗಿಯಕ್ಕ ಒಳಗೆ ಹೋದಳು. ಟೈಯವನ ಜೊತೆ ನರೆಗೂದಲಿನ ಹೆಂಗಸೊಬ್ಬರಿದ್ದರು. ಅವರು ಮೂವತ್ತು ವರ್ಷ ಥಿಯೇಟರಿನಲ್ಲಿ ನರ್ಸಾಗಿದ್ದವರಂತೆ, ಈಗ ಕಂಪನಿಗೆ ಜನರನ್ನು ಆರಿಸಿಕೊಡುತ್ತಿದ್ದರು. ಅವರ ಕೈ ನೋಡಿದ ಕೂಡಲೇ ಉಗಿಯಕ್ಕನಿಗೆ ನಂಬಿಕೆ ಬಂತು. ಸೋಪಿನಲ್ಲಿ ಉಜ್ಜಿ ಉಜ್ಜಿ ಒಣಗಿದ ಕೈ.

ಮೇಜಿನ ಮೇಲೆ ಮೂವತ್ತೆರಡು ಉಪಕರಣಗಳಿದ್ದ ಒಂದು ಟ್ರೇ, ಪಕ್ಕದಲ್ಲಿ ಉಗಿ ಯಂತ್ರದಿಂದ ಹೊರಬಂದ ಆರು ಬಟ್ಟೆ ಗಂಟುಗಳು. ಎಲ್ಲಿ ಏನು ದೋಷವಿದೆ ಹುಡುಕಬೇಕು, ಇಪ್ಪತ್ತು ನಿಮಿಷ ಸಮಯ. ಉಗಿಯಕ್ಕನ ಕೈ ಓಡಿತು. ಒಂದು ಕತ್ತರಿಯ ತಿರುಪು ಸಡಿಲವಾಗಿತ್ತು, ಬೆರಳಿಗೇ ಗೊತ್ತಾಯಿತು. ಎಣಿಕೆಯಲ್ಲಿ ಒಂದು ಕಡಿಮೆಯಿತ್ತು, ಅದೂ ಸಿಕ್ಕಿತು. ಆಮೇಲೆ ಗಂಟುಗಳು. ಮೂರನೆಯ ಗಂಟನ್ನು ಎತ್ತಿದವಳು, ತನಗೇ ತಿಳಿಯದಂತೆ, ಅದನ್ನು ಕೆನ್ನೆಗೆ ಒತ್ತಿ ಹಿಡಿದಳು.

ಟೈಯವನ ಪೆನ್ನು ಹಾಳೆಯ ಮೇಲೆ ಸರಸರ ಓಡಿತು. ಶುದ್ಧ ಮಾಡಿದ ಗಂಟನ್ನು ಮುಖಕ್ಕೆ ತಾಗಿಸುವುದೆಂದರೆ ಆ ಕೆಲಸದಲ್ಲಿ ಮಾಡಲೇಬಾರದೆಂದು ಮೊದಲ ದಿನವೇ ಕಲಿಸುವ ಮಹಾ ತಪ್ಪು. ಆದರೆ ಅವಳಿಗೆ ಕೆಲಸ ಕಲಿಸಿದ ಹಳೆಯ ಕಾಲದವರೆಲ್ಲ ಹಾಗೇ ನೋಡುತ್ತಿದ್ದರು. ಒಳಗೆ ತೇವ ಉಳಿದು ಮತ್ತೆ ಕ್ರಿಮಿ ಸೇರಬಲ್ಲ ಗಂಟು ಕೈಗವಸಿಗೆ ಗೊತ್ತಾಗುವುದಿಲ್ಲ, ಕೆನ್ನೆಗೆ ಗೊತ್ತಾಗುತ್ತದೆ. ಒಣಗಿದೆ ಅನಿಸಿದ್ದನ್ನು ಕಪಾಟಿಗೆ, ತೇವ ಅನಿಸಿದ್ದನ್ನು ವಾಪಸು ಯಂತ್ರಕ್ಕೆ. ಅನುಮಾನ ಬಂದ ಗಂಟನ್ನು ಮಾತ್ರ ಹಾಗೆ ನೋಡಿ, ಹೇಗಿದ್ದರೂ ಇನ್ನೊಮ್ಮೆ ಬೇಯಲು ಹಾಕುವುದು ಉಗಿಯಕ್ಕ ಮಾಡಿಕೊಂಡಿದ್ದ ತಿದ್ದುಪಡಿ.

ಹಾಗೇಕೆ ಮಾಡಿದಿರಿ ಎಂದು ನರೆಗೂದಲಿನವರು ಕೇಳಿದರು. ಇದು ಒಳಗೆ ಹಸಿ ಇದೆ ಎಂದಳು. ಬಿಚ್ಚಿ ನೋಡಿದರೆ ನಡುವಿನ ಮಡಿಕೆ ತಣ್ಣಗೆ ತೇವವಾಗಿತ್ತು. ಮೂವರಲ್ಲಿ ಅದನ್ನು ಕಂಡುಹಿಡಿದವಳು ಅವಳೊಬ್ಬಳೇ ಎಂದು ಆಮೇಲೆ ಗೊತ್ತಾಯಿತು. ತಪ್ಪಿಗೆ ಅಂಕ ಹೋಯಿತು, ಒಪ್ಪಿಗೆ ಅಂಕ ಬಂತು.

ಅಲ್ಲಿಗೇ ಮುಗಿದಿದ್ದರೆ ಈ ಕತೆ ಇರುತ್ತಿರಲಿಲ್ಲ. ನರೆಗೂದಲಿನವರು ಟ್ರೇಯಿಂದ ರಕ್ತನಾಳ ಹಿಡಿಯುವ ಒಂದು ಸಣ್ಣ ಇಕ್ಕಳ ಎತ್ತಿ, ಇದು ಬಿಟ್ಟುಹೋಯಿತು ನೋಡಿ ಎಂದರು. ಅದರ ಕೀಲಿನ ಸಂದಿಯಲ್ಲಿ ಒಣಗಿದ ರಕ್ತದ ಕಲೆಯಿತ್ತಂತೆ. ಮೇಜಿನ ಭೂತಗನ್ನಡಿಯ ದೀಪ ಹಚ್ಚಿ, ಇಕ್ಕಳವನ್ನು ಅದರ ಕೆಳಗೆ ಹಿಡಿದು, ಅವಳನ್ನು ಬಗ್ಗಿ ನೋಡುವಂತೆ ಹೇಳಿದರು.

ಉಗಿಯಕ್ಕ ಬಗ್ಗಿ ನೋಡಿದಳು. ಹೊಳೆಯುವ ಉಕ್ಕು ಕಂಡಿತು. ಕೀಲು ಕಂಡಿತು. ಕೀಲಿನ ನಡುವೆ, ಎಲ್ಲಿ ದೃಷ್ಟಿ ನೆಡಬೇಕೋ ಅಲ್ಲಿ, ಮಬ್ಬು.

"ಕಾಣಿಸ್ತಾ?"

"ಕಾಣಿಸ್ತು ಮೇಡಂ," ಎಂದಳು.

ಹೊರಗೆ ಬಂದವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಕನ್ನಡಕ ಎರಡು ಸಲ ಬದಲಾಯಿಸಿದ್ದಳು. ಕಣ್ಣಿನ ಡಾಕ್ಟರು ಇದು ಗಾಜಿನಿಂದ ಸರಿಹೋಗುವುದಲ್ಲ, ಕಣ್ಣಿನ ಹಿಂದಿನ ಪರದೆಯದು ಎಂದಿದ್ದರು. ಅದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ, ತನಗೂ ಸರಿಯಾಗಿ ಹೇಳಿಕೊಂಡಿರಲಿಲ್ಲ. ಕಣ್ಣು ಮಂಜಾದರೇನು, ಬೆರಳಿದೆಯಲ್ಲ, ಇಷ್ಟು ವರ್ಷದ ಬೆರಳು ಎಂದು ಧೈರ್ಯ ತಂದುಕೊಂಡಿದ್ದಳು. ಅದಕ್ಕೆ ಸಾಕ್ಷಿಯೂ ಇತ್ತಲ್ಲ, ಇವತ್ತಿಗೂ ಒಂದು ಟ್ರೇ ವಾಪಸು ಬಂದಿಲ್ಲ. ಈಗ ಮೊದಲ ಬಾರಿಗೆ ಆ ಸಾಕ್ಷಿಯ ಮೇಲೇ ಅನುಮಾನ ಬಂತು. ಪರೀಕ್ಷೆಯ ಟ್ರೇಯಲ್ಲಿ ಕಾಣದ್ದು ದಿನದಿನದ ಟ್ರೇಯಲ್ಲಿ ಹೇಗೆ ಕಾಣುತ್ತಿತ್ತು?

ಅಂದು ಮಧ್ಯಾಹ್ನ ಎಂದಿನಂತೆ ಕೆಲಸವಿತ್ತು. ಅವಳು ಟ್ರೇ ಕಟ್ಟಿ, ಚೀಟಿ ಇಟ್ಟು, ಪಕ್ಕಕ್ಕೆ ಸರಿಸಿದಳು. ನಾದಿನಿ ಎಂದಿನಂತೆ ಎದ್ದು ಬಂದು, ಅತ್ತಿಗೆ ನಿಮ್ಮ ಮಂಡಿ ನೋವು, ನಾನು ಒಯ್ತೀನಿ ಎಂದು ಎತ್ತಿಕೊಂಡು ಹೋದಳು. ಒಂದೂವರೆ ವರ್ಷದಿಂದ ಅದೇ ಮಾತು. ಉಗಿಯಕ್ಕ ಎರಡು ನಿಮಿಷ ಬಿಟ್ಟು ಹಿಂದೆಯೇ ಹೋದಳು.

ಉಗಿ ಯಂತ್ರದ ಆಚೆ, ಕಪಾಟಿನ ಮರೆಯಲ್ಲಿ ಒಂದು ಸಣ್ಣ ಮೇಜಿತ್ತು. ನಾದಿನಿ ಅಲ್ಲಿ ನಿಂತು, ಇನ್ನೂ ಉಗಿಗೆ ಹಾಕದ ಅತ್ತಿಗೆಯ ಗಂಟನ್ನು ಬಿಚ್ಚಿಕೊಂಡಿದ್ದಳು. ದೀಪದ ಕೆಳಗೆ ಒಂದೊಂದೇ ಉಪಕರಣ ತೆರೆದು, ತಿರುಗಿಸಿ, ಮುಚ್ಚಿ ಇಡುತ್ತಿದ್ದಳು. ಒಂದು ಇಕ್ಕಳ ತೆಗೆದು ಬದಿಗಿಟ್ಟು, ಜೇಬಿನಿಂದ ಬೇರೆಯದನ್ನು ತೆಗೆದು ಆ ಜಾಗಕ್ಕೆ ಇಟ್ಟಳು. ಉಗಿಯಕ್ಕನ ಹೆಸರಿನ ಚೀಟಿಯನ್ನು ಮತ್ತೆ ಮೇಲಿಟ್ಟು ಬಟ್ಟೆ ಸುತ್ತತೊಡಗಿದಳು.

"ಎಷ್ಟು ದಿನದಿಂದ?" ಉಗಿಯಕ್ಕ ಕೇಳಿದಳು.

ನಾದಿನಿ ಬೆಚ್ಚಿ ತಿರುಗಿದಳು. ಸುಳ್ಳು ಹೇಳುವ ಜಾಯಮಾನ ಅವಳದಲ್ಲ. "ಒಂದೂವರೆ ವರ್ಷ ಆಯ್ತು ಅತ್ತಿಗೆ."

"ದಿನಾ ಸಿಗುತ್ತಾ?"

"ದಿನಾ ಇಲ್ಲ. ವಾರಕ್ಕೆ ಒಂದೋ ಎರಡೋ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಬಂದೆ. ಅವತ್ತು ನೀವು ಹೊಸಬರಿಗೆ ನಿಮ್ಮ ಟ್ರೇ ವಾಪಸ್ ಬಂದಿಲ್ಲ ಅಂತ ಹೇಳ್ತಾ ಇದ್ರಿ. ನನಗೆ ಬಾಯೇ ಬರ್ಲಿಲ್ಲ."

ಉಗಿಯಕ್ಕನಿಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ. ಉರಿ ಬಂತು, ಅಂಗಾಲಿನಿಂದ ನೆತ್ತಿಗೆ. ತಾನು ಕೈಹಿಡಿದು ಕಲಿಸಿದವಳು ತನ್ನ ಬೆನ್ನ ಹಿಂದೆ ತನ್ನ ತಪ್ಪು ತಿದ್ದುತ್ತ, ಮರುಕಪಡುತ್ತ, ಎದುರಿಗೆ ಬೈಸಿಕೊಳ್ಳುತ್ತ ಇದ್ದಳಲ್ಲ ಎಂದು ಮೈ ಕುದಿಯಿತು. ತಿರುಗಿ ಬಂದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಮೂರನೆಯ ಸುತ್ತಿನ ಪಟ್ಟಿ ಬಂದಾಗ ಉಳಿದದ್ದು ಅವರಿಬ್ಬರೇ. ಕೊನೆಯ ಸುತ್ತಿಗೆ ಎಂಟು ದಿನವಿತ್ತು. ಆ ಎಂಟು ದಿನ ಮನೆಯಲ್ಲಿ ಗಂಡನ ಪಾಡು ಅಡಕತ್ತರಿಯಲ್ಲಿ ಸಿಕ್ಕಂತಾಗಿತ್ತು. ಮೇಲೆ ಹೆಂಡತಿ ಮಾತಾಡುವುದಿಲ್ಲ, ಕೆಳಗೆ ತಂಗಿ ಊಟ ಮಾಡುವುದಿಲ್ಲ, ಏನಾಯಿತೆಂದು ಇಬ್ಬರೂ ಬಾಯಿ ಬಿಡುವುದಿಲ್ಲ. ಯಾರಿಗೆ ಸಿಕ್ಕಿದರೂ ಮನೆಗೇ ತಾನೇ ಬರುವುದು ಎಂದು ಒಂದು ದಿನ ಸಮಾಧಾನ ಹೇಳಲು ಹೋದ. ಹೆಂಡತಿ ನೋಡಿದ ನೋಟಕ್ಕೆ ಮಾತು ನುಂಗಿಕೊಂಡು, ಡ್ಯೂಟಿಗೆ ಒಂದು ಗಂಟೆ ಮೊದಲೇ ಹೊರಟುಹೋದ.

ಉಗಿಯಕ್ಕ ಆ ಎಂಟು ದಿನದಲ್ಲಿ ತಯಾರಿ ಮಾಡಿಕೊಂಡಳು. ಹಸಿ ಗಂಟು ಕಂಡುಹಿಡಿದವಳು ತಾನು. ಅನುಭವ ದುಪ್ಪಟ್ಟು. ನಾದಿನಿಯ ಫೈಲಿನಲ್ಲಿ ನಿಧಾನವೆಂಬ ಎರಡು ಮೆಮೊ ಇದೆ, ತನ್ನ ಫೈಲು ಹಾಲಿನಷ್ಟು ಬಿಳಿ. ಒಂದು ಇಕ್ಕಳದ ಕಲೆ ತಪ್ಪಿತು, ಗಡಿಬಿಡಿಯಾಗಿತ್ತು ಎಂದರೆ ಮುಗಿಯಿತು. ನಾದಿನಿ ಬಾಯಿ ಬಿಡುವವಳಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಗೊತ್ತಿರುವಿಕೆಯೇ ಒಳಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಆದರೂ ಕೆಲಸ ಬೇಕಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದ ಜಾಗವನ್ನು, ಅದೇ ಕಣ್ಣು ಕೈಕೊಟ್ಟಿತೆಂದು ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿರಲಿಲ್ಲ.

ಕೊನೆಯ ಸುತ್ತಿನ ದಿನ ನಾದಿನಿಯನ್ನು ಮೊದಲು ಕರೆದರು. ಕಾಲು ಗಂಟೆಗೆ ಅವಳು ಹೊರಬಂದಳು. ತಲೆ ಎತ್ತಲಿಲ್ಲ. ಬೆಂಚಿನ ಮೇಲಿದ್ದ ಚೀಲ ತೆಗೆದುಕೊಂಡು ನೇರ ಮೆಟ್ಟಿಲಿಳಿದು ಹೋದಳು.

ಒಳಗೆ ಉದ್ದನೆಯ ಮೇಜು, ಆಚೆ ನರೆಗೂದಲಿನವರು ಮತ್ತು ಟೈಯವನು, ಈಚೆ ಒಂಟಿ ಕುರ್ಚಿ. ಟೈಯವನು ಪಟ್ಟಿ ಹಿಡಿದು ಒಂದೊಂದೇ ಕೇಳಿದ. ಉಗಿಯಕ್ಕ ಕಲಿತಿದ್ದನ್ನೆಲ್ಲ ಒಪ್ಪಿಸಿದಳು. ಹಸಿ ಗಂಟಿನ ಮಾತು ತಂದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ಕೆಂಪು ಚೀಟಿಯಿಲ್ಲ ಎಂದಾಗ ಟೈಯವನು ಫೈಲು ತಿರುವಿ, ಮೆಚ್ಚಿದಂತೆ ಹುಬ್ಬೇರಿಸಿದ. ಎಲ್ಲವೂ ಅಂದುಕೊಂಡಂತೆಯೇ ನಡೆಯುತ್ತಿತ್ತು. ಆಗ ನರೆಗೂದಲಿನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ತಮ್ಮದೊಂದೇ ಪ್ರಶ್ನೆ ಎಂದರು.

"ನಿಮಗೆ ಮಕ್ಕಳಿದ್ದಾರಾ?"

ಒಬ್ಬಳು ಮಗಳಿದ್ದಾಳೆ ಎಂದಳು.

"ಅವಳನ್ನ ಆಪರೇಷನ್ ಟೇಬಲ್ ಮೇಲೆ ಮಲಗಿಸಿದ್ದಾರೆ ಅಂದ್ಕೊಳ್ಳಿ. ಕಪಾಟಿನಲ್ಲಿ ಎರಡೇ ಟ್ರೇ ಇದೆ. ಒಂದು ನೀವು ಕಟ್ಟಿದ್ದು, ಇನ್ನೊಂದು ನಿಮ್ಮ ನಾದಿನಿ ಕಟ್ಟಿದ್ದು. ಯಾವುದನ್ನ ಬಿಚ್ಚಿ ಅಂತ ಹೇಳ್ತೀರಿ?"

ಉತ್ತರ ನಾಲಿಗೆಯ ಮೇಲೇ ಇತ್ತು. ನನ್ನದು ಎಂದರೆ ಸಾಕು, ಕುರ್ಚಿ ಅವಳದು. ಆದರೆ ಆ ಹೆಂಗಸು ಮಗಳ ಮಾತು ತೆಗೆದುಬಿಟ್ಟಿದ್ದರು. ಉಗಿಯಕ್ಕನಿಗೆ ಮಗಳ ಹೊಟ್ಟೆಯ ಬಿಳಿ ಚರ್ಮ ಕಣ್ಣಿಗೆ ಕಟ್ಟಿತು, ಎಳೆಯದಿದ್ದಾಗ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದ ಹೊಟ್ಟೆ. ಅದರೊಳಗೆ ಇಳಿಯುವ ಇಕ್ಕಳ ಕಂಡಿತು. ಇಕ್ಕಳದ ಕೀಲು ಕಂಡಿತು. ಕೀಲಿನ ನಡುವೆ ಅದೇ ಮಬ್ಬು. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಟೈಯವನು ಕೈಗಡಿಯಾರ ನೋಡಿಕೊಂಡ. ನರೆಗೂದಲಿನವರು ಅವಸರಪಡಿಸಲಿಲ್ಲ.

"ನಾದಿನಿಯದು," ಎಂದಳು ಉಗಿಯಕ್ಕ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡೆ ಎಂದು ಆ ಕ್ಷಣವೇ ತಿಳಿಯಿತು. ಹಾಕಿದ ಮೇಲೆ ಪೂರ್ತಿಯೇ ಹಾಕಿಬಿಡೋಣ ಎನಿಸಿತು. "ಅವತ್ತು ಆ ಕಲೆ ಕಾಣಿಸ್ತು ಅಂದೆ. ಕಾಣಿಸಿರ್ಲಿಲ್ಲ. ಒಂದೂವರೆ ವರ್ಷದಿಂದ ನನ್ನ ಟ್ರೇಯನ್ನೆಲ್ಲ ಅವಳು ಇನ್ನೊಂದ್ಸಲ ಬಿಚ್ಚಿ ನೋಡ್ತಾ ಇದ್ಲು, ನನಗೆ ಗೊತ್ತಿಲ್ದೆ. ಅವಳು ನಿಧಾನ ಅಂತ ಎರಡು ಮೆಮೊ ಇದೆಯಲ್ಲ, ಆ ನಿಧಾನ ಅವಳದಲ್ಲ, ನನ್ನದು."

ಟೈಯವನು ಏನೋ ಬರೆಯಲು ಹೋದ. ನರೆಗೂದಲಿನವರು ಅವನ ಕೈಯ ಮೇಲೆ ಕೈಯಿಟ್ಟು ತಡೆದರು. ಎದ್ದು ಬಂದು ಬಾಗಿಲವರೆಗೆ ಅವಳ ಜೊತೆ ನಡೆದರು. ಸಮಾಧಾನದ ಮಾತೇನೂ ಆಡಲಿಲ್ಲ. ಆಡದೆ ಇದ್ದುದೇ ಒಳ್ಳೆಯದಾಯಿತು, ಆಡಿದ್ದರೆ ಉಗಿಯಕ್ಕ ಅಲ್ಲೇ ಅತ್ತುಬಿಡುತ್ತಿದ್ದಳು.

ನಾಲ್ಕನೆಯ ದಿನ ಸಂಜೆ ಫೋನಿಗೆ ಸಂದೇಶ ಬಂತು. ಉಗಿಯಕ್ಕನಿಗೆ ಬಂದದ್ದರಲ್ಲಿ ನಿಮ್ಮ ಸೇವೆಗೆ ಧನ್ಯವಾದ ಎಂದಿತ್ತು. ಗೊತ್ತಿದ್ದ ಸುದ್ದಿಯೇ. ಆದರೂ ಓದಿದಾಗ ಗೋಡೆ ಹಿಡಿದು ಕುರ್ಚಿಯ ಮೇಲೆ ಕೂತಳು. ಗಂಡ ನೀರು ತಂದುಕೊಟ್ಟು ಎದುರಿಗೆ ನಿಂತ.

ಸ್ವಲ್ಪ ಹೊತ್ತಿಗೆ ಮೆಟ್ಟಿಲಿನ ಮೇಲೆ ಹೆಜ್ಜೆ ಕೇಳಿತು. ನಾದಿನಿ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಕಣ್ಣು ಊದಿಕೊಂಡಿತ್ತು. ಅಣ್ಣ ಇಬ್ಬರ ಮುಖವನ್ನೂ ನೋಡಿ, ಬಸ್ಸಿನ ಬೀಗ ಹಾಕಿದೆನೋ ಇಲ್ಲವೋ ಎಂದು ಯಾರೂ ಕೇಳದ ನೆಪ ಹೇಳಿ ಕೆಳಗಿಳಿದ.

"ನಾನು ಈ ಕೆಲಸಕ್ಕೆ ಹೋಗಲ್ಲ ಅತ್ತಿಗೆ," ಎಂದಳು ನಾದಿನಿ. "ನಾನು ನಿಮಗೆ ದ್ರೋಹ ಮಾಡಿದೀನಿ. ನನ್ನ ಮಗಳು ಟೇಬಲ್ ಮೇಲಿದ್ರೆ ಯಾರ ಟ್ರೇ ಬಿಚ್ಚಬೇಕು ಅಂತ ಕೇಳಿದ್ರು. ನಿಮ್ಮ ಹೆಸರು ಹೇಳ್ಬೇಕಿತ್ತು. ನೀವು ಹಾಕ್ಸಿದ ಕೆಲಸ, ನೀವು ಕಲ್ಸಿದ ಕೈ. ಆದ್ರೆ ಮಗು ಮುಖ ಕಣ್ಮುಂದೆ ಬಂತು. ನನ್ನದೇ ಟ್ರೇ ಅಂದ್ಬಿಟ್ಟೆ."

ಉಗಿಯಕ್ಕನಿಗೆ ಚುಚ್ಚಿತು. ನಿಜ ಗೊತ್ತಿದ್ದೂ, ತಾನೇ ಅದನ್ನು ಒಪ್ಪಿಕೊಂಡು ಬಂದಿದ್ದೂ, ನಾದಿನಿಯ ಬಾಯಿಂದ ಕೇಳಿದಾಗ ಚುಚ್ಚಿತು. ಆಮೇಲೆ ಎದ್ದು ಹೋಗಿ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಳು.

"ಸರಿಯಾಗೇ ಹೇಳಿದೀಯ. ನನ್ನನ್ನೂ ಅದನ್ನೇ ಕೇಳಿದ್ರು. ನಾನೂ ನಿನ್ನ ಹೆಸರೇ ಹೇಳ್ದೆ."

ನಾದಿನಿ ಅವಳ ಮುಖವನ್ನೇ ನೋಡಿದಳು. ಅತ್ತಿಗೆಯ ಹೆಗಲಿಗೆ ತಲೆಯಿಟ್ಟು ಬಿಕ್ಕಿದಳು. ಉಗಿಯಕ್ಕ ಅವಳ ಬೆನ್ನು ಸವರುತ್ತ ಬಹಳ ಹೊತ್ತು ಹಾಗೇ ನಿಂತಿದ್ದಳು. ಅವಳ ಕಣ್ಣಲ್ಲೂ ನೀರಿತ್ತು, ಒರೆಸಿಕೊಳ್ಳಲಿಲ್ಲ.

"ನಾಳೆಯಿಂದ ಒಬ್ಬಳ ಕೆಲಸ ಮಾತ್ರ ಮಾಡು ಕಣೆ," ಎಂದಳು. "ಸಾಕು, ದಣಿದಿದೀಯ."